ಮುಯ್ಯಿಗೆ ಬಂದ ಬಳೆ

ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ಮೇಲೆ ನಾನು ಕೆಲಸ ಮಾಡುತ್ತಿದ್ದ ಪರಿಹಾರ ಸಂಸ್ಥೆ ತನ್ನ ಗೋದಾಮನ್ನು ಅಲ್ಲಿಗೇ ತಂದಿತು. ಎಲ್ಲಾದರೂ ನೆರೆ ಬಂದರೆ, ಭೂಮಿ ನಡುಗಿದರೆ ಟಾರ್ಪಾಲು, ಕಂಬಳಿ, ಬಕೆಟ್ಟುಗಳನ್ನು ಹೊರಡಿಸುವುದು ನಮ್ಮ ಕೆಲಸ. ನಮ್ಮ ಎಂದರೆ ಇಬ್ಬರದು: ನಾನು ಮತ್ತು ಯುರೋಪಿನಿಂದ ಬಂದಿದ್ದ ಒಬ್ಬಳು. ಎದುರುಬದುರು ಮೇಜು, ಒಂದೇ ಹುದ್ದೆ. ಸಂಬಳ ಮಾತ್ರ ಆಕೆಯದು ನನ್ನದರ ಎಷ್ಟೋ ಪಟ್ಟು. ಅದರ ಮೇಲೆ, ಇಂಥ ಕಡೆ ಬದುಕುವುದು ಕಷ್ಟ ಎಂದು ಆಕೆಗೆ ಒಂದು ಭತ್ಯೆ ಬೇರೆ. ನಾನು ಹುಟ್ಟಿ ಬೆಳೆದ ತಾಲ್ಲೂಕಿನಲ್ಲಿ ಬದುಕುವ ಕಷ್ಟಕ್ಕೆ! ಅದು ತಿಳಿದ ದಿನ ನಗುವೂ ಬಂತು, ಮೈಯೂ ಉರಿಯಿತು. ಆದರೆ ಆಕೆ ಒಳ್ಳೆಯವಳು. ಜಗಳಕ್ಕೂ ಆಸ್ಪದ ಕೊಡದಷ್ಟು ಒಳ್ಳೆಯವಳು.

ಅದೇ ತಾಲ್ಲೂಕಿನ ವಿಜಯಪುರದಲ್ಲಿ ಅಪ್ಪನದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಸಣ್ಣ ಕಸುಬು. "ನಮ್ಮುಡುಗಿ ಫಾರಿನ್ನೋರ ಸಮಕ್ಕೆ ಕೂತ್ಕೊಂಡ್ ಕೆಲಸ ಮಾಡ್ತಾಳೆ" ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದರು. ತಂಗಿಯ ಮದುವೆ ಗೊತ್ತಾದಾಗ ಒಡವೆಯ ಖರ್ಚು ನೋಡಿಕೊಳ್ಳಲು ನನ್ನನ್ನು ಕೇಳಿದರು. ಅರ್ಧ ಮಾತ್ರ ನನ್ನ ಕೈಲಾಗುತ್ತದೆ ಎಂದೆ. ಉಳಿದರ್ಧಕ್ಕೆ ಅಪ್ಪ ಅಮ್ಮನ ಸರ ಕರಗಿಸಿದರು.

ನಮ್ಮಲ್ಲಿ ಮುಯ್ಯಿ ಎಂದರೆ ಬರೀ ಉಡುಗೊರೆಯಲ್ಲ. ಯಾರು ಏನು ಕೊಟ್ಟರೆಂದು ಮೈಕಿನಲ್ಲಿ ಕೂಗುತ್ತಾರೆ. ಅವರ ಮನೆಯ ಮದುವೆಗೆ ನಾವು ಅಷ್ಟನ್ನಾದರೂ ವಾಪಸ್ ಹಾಕಬೇಕು. ಇದನ್ನು ಆಕೆಗೆ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಆಕೆ ಮದುವೆಗೆ ಬಂದವಳು ತಂಗಿಯ ಕೈಗೆ ಒಂದು ಜೊತೆ ಚಿನ್ನದ ಬಳೆ ತೊಡಿಸಿಬಿಟ್ಟಳು. ಮೈಕಿನವನು ಎರಡೆರಡು ಸಲ ಕೂಗಿದ.

ಚಪ್ಪರದ ಜನ ಕರಗಿದ ಮೇಲೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದರು. "ಆಯಮ್ಮನೂ ನೀನೂ ಮಾಡದು ಒಂದೇ ಕೆಲಸ ತಾನೆ? ಯಾರೋ ಹೊರಗಿನೋಳು ಬಳೆ ಹಾಕ್ತಾಳೆ. ಒಡಹುಟ್ಟಿದೋಳು, ನಿನ್ ಕೈಲಿ ಆಗದಿಲ್ಲ. ದುಡ್ಡೆಲ್ಲ ಎಲ್ಲಿ ಇಡ್ತಿದೀಯ?"

"ಅವ್ರ ಸಂಬಳಾನೇ ಬೇರೆ ಅಪ್ಪ."

"ಒಂದೇ ಕೆಲಸಕ್ಕೆ ಎರಡು ಸಂಬಳ ಕೊಡೋರು ಅನಾಥರಿಗೆ ಕಂಬಳಿ ಹಂಚ್ತಾರಾ? ಸುಳ್ಳು ಹೇಳಿದ್ರೂ ನಂಬೋ ಹಂಗಿರ್ಬೇಕು ಕಣವ್ವ."

ಆಮೇಲೆ ಅಪ್ಪ ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ತಡೆಯಲಾಗದೆ ಎಲ್ಲವನ್ನೂ ಆಕೆಗೆ ಹೇಳಿದೆ. ಒಂದೇ ಹುದ್ದೆಗೆ ಒಂದೇ ಸಂಬಳ ಇರಬೇಕೆಂದು ಇಬ್ಬರೂ ಸೇರಿ ಮುಖ್ಯ ಕಚೇರಿಗೆ ಬರೆದೆವು. ಊರಿನವರಿಗೆ ಊರಿನ ದರ, ಮುಂದೆ ನೋಡೋಣ ಎಂಬ ಉತ್ತರ ಬಂತು. ಆಕೆಗೆ ನನಗಿಂತ ಹೆಚ್ಚು ಸಿಟ್ಟು. ನಿಮ್ಮ ತಂದೆಗೆ ನಾನೇ ಹೇಳುತ್ತೇನೆ ಎಂದು ಭಾನುವಾರ ಹೊರಟೇಬಿಟ್ಟಳು.

ನಡುಮನೆಯಲ್ಲಿ ಅವರಿಬ್ಬರೂ ಕೂತರು. ಮಾತು ದಾಟಿಸುವವಳು ನಾನು. ತನ್ನ ಸಂಬಳ ನನ್ನದರ ಎಷ್ಟು ಪಟ್ಟು ಎಂಬುದನ್ನು ಆಕೆ ಬೆರಳುಗಳಲ್ಲೇ ತೋರಿಸಿದ್ದರಿಂದ ಅದನ್ನು ನನ್ನ ಬಾಯಿಂದ ಹೇಳುವುದು ತಪ್ಪಿತು. ಅಪ್ಪ ಆ ಬೆರಳುಗಳನ್ನೇ ನೋಡುತ್ತಿದ್ದರು.

"ನಿನ್ ಕೆಲಸದಲ್ಲಿ ಏನಾದ್ರೂ ಕೊರತೆ ಐತಾ, ಕೇಳು."

ನನ್ನ ಬಗ್ಗೆ ನಾನೇ ಕೇಳಿದೆ. ಏನೂ ಇಲ್ಲ ಎಂದಳು. ಅದನ್ನೂ ನಾನೇ ಹೇಳಿದೆ.

"ಮತ್ಯಾಕಂತೆ?"

ಆಕೆ ತಲೆ ತಗ್ಗಿಸಿದಳು. ನನಗೆ ದಾಟಿಸಲು ಏನೂ ಇರಲಿಲ್ಲ.

ಸುಳ್ಳುಗಾರ್ತಿ ಎಂಬ ಹೆಸರೇನೋ ಹೋಯಿತು. ಆದರೆ ಹಗುರವಾಗಬೇಕಿದ್ದ ಮನಸ್ಸು ಇನ್ನಷ್ಟು ಕುಗ್ಗಿತು. ಅಪ್ಪ ಸಿಟ್ಟಾಗಿದ್ದಾಗ ನಾನು ಅವರ ಕಣ್ಣಿಗೆ ದೊಡ್ಡ ಸಂಬಳದವಳಾದರೂ ಆಗಿದ್ದೆ.

ಮರುದಿನ ಬೆಳಿಗ್ಗೆ ಎಂದೂ ಬಾರದ ಅಪ್ಪ ಬಸ್ ನಿಲ್ದಾಣದ ತನಕ ನನ್ನ ಜೊತೆ ಬಂದರು. ಬಸ್ಸು ಹೊರಡುವಾಗ ಕಿಟಕಿಯೊಳಗೆ ಕೈ ತೂರಿಸಿ, ಮಡಿಸಿದ ನೋಟೊಂದನ್ನು ನನ್ನ ಅಂಗೈಯಲ್ಲಿಟ್ಟರು.

"ಬಸ್ ಚಾರ್ಜಿಗೆ ಇಟ್ಕೊಳವ್ವ" ಎಂದರು.