ಕುಂಟುವ ಸ್ಟೂಲುಗಳ ಮನೆ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಬೀದಿಯವರೆಲ್ಲ ಅವಳನ್ನು ‘ಟೇಪಕ್ಕ’ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುವ ಟೇಪಕ್ಕ ಮರದ ಕೆಲಸಕ್ಕೆ ಕೈಹಾಕುತ್ತೇನೆ ಎಂದಾಗ ಅವಳ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನಗಲಿ ಬಿಡಿ. ತೀರಿಹೋದ ಅಪ್ಪನ ಕರೆಂಟಿನ ಗರಗಸವನ್ನು ಯಾರೋ ಬಡಗಿಗೆ ಕೊಡುವುದಾಗಿ ಅವನು ಮಾತುಕೊಟ್ಟು ಬಂದಿದ್ದ. ಮೂಲೆಯಲ್ಲಿ ಸುಮ್ಮನೆ ಧೂಳು ತಿನ್ನುವುದೇಕೆ ಎಂದು ಅಮ್ಮನೂ ಹೂಂ ಅಂದಿದ್ದಳು. ಟೇಪಕ್ಕನಿಗೆ ಮಾತ್ರ ಅದನ್ನು ಬಿಟ್ಟುಕೊಡಲು ಮನಸ್ಸಿರಲಿಲ್ಲ.

“ಒಂದೇ ಒಂದು ಸ್ಟೂಲು ಮಾಡ್ತೀನಿ. ಅಲ್ಲಾಡದೆ ನಿಂತ್ರೆ ಗರಗಸ ನಂದು. ಅಲ್ಲಾಡಿದ್ರೆ ಯಾರಿಗಾದ್ರೂ ಕೊಟ್ಕೊ ಹೋಗು” ಎಂದು ಪಂಥ ಕಟ್ಟಿಬಿಟ್ಟಳು.

ಅಲ್ಲಾಡುವ ಮಾತು ಸುಮ್ಮನೆ ಬಂದದ್ದಲ್ಲ. ಅಪ್ಪ ಬಸ್ಸಿನ ಡ್ರೈವರ್. ರಜೆ ಸಿಕ್ಕಿದರೆ ಸಾಕು, ಹಿತ್ತಲಿಗೆ ವೈರು ಎಳೆದು, ಹಳೆಯ ಪೆಟ್ಟಿಗೆಗಳ ಹಲಗೆ ಕೊಯ್ದು ಸ್ಟೂಲು, ಬೆಂಚು, ಚಪ್ಪಲಿ ಗೂಡು ಅಂತ ಏನಾದರೊಂದು ಮಾಡುತ್ತಿದ್ದ. ಗರಗಸ ಕಿರುಚಿದರೆ ಪಕ್ಕದ ಮನೆಯ ನಾಯಿಯೂ ರಾಗ ಎಳೆಯುತ್ತಿತ್ತು. ಮರದ ಹೊಟ್ಟು ಅಡುಗೆಮನೆಯವರೆಗೂ ಹಾರಿ ಬರುತ್ತಿತ್ತು, ಅಪ್ಪನ ಹುಬ್ಬಿನ ಮೇಲೂ ಕೂರುತ್ತಿತ್ತು. ಏನು ದಿನಗಳು ಅವು! ಈಗಲೂ ಕೊಯ್ದ ಮರದ ವಾಸನೆ ಬಂದರೆ ಟೇಪಕ್ಕ ಹೊಲಿಗೆ ನಿಲ್ಲಿಸಿ ಕೂತುಬಿಡುತ್ತಾಳೆ. ಇದ್ದದ್ದು ಒಂದೇ ಕೊರತೆ: ಅವನು ಮಾಡಿದ ಒಂದು ಸಾಮಾನೂ ನೆಟ್ಟಗೆ ನಿಲ್ಲುತ್ತಿರಲಿಲ್ಲ. ನೆಂಟರು ಕೂತರೆ ತಟಕ್ ಅನ್ನುತ್ತಿತ್ತು. ಅಪ್ಪ ಜೇಬಿನಿಂದ ರಟ್ಟಿನ ಚೂರು ತೆಗೆದು ಕಾಲಿನಡಿ ತುರುಕುತ್ತಿದ್ದ.

“ಬಸ್ಸನ್ನೂ ಹೀಗೇ ಸೊಟ್ಟಗೆ ಓಡಿಸ್ತೀರಾ?” ಎಂದು ಅಮ್ಮ ಬಂದವರ ಮುಂದೆಯೇ ಕಾಲೆಳೆಯುತ್ತಿದ್ದಳು.

“ಸ್ಟೂಲು ಸರಿಯಾಗೇ ಇದೆ ಕಣೇ. ನಮ್ಮನೆ ನೆಲಾನೇ ಸರಿಯಿಲ್ಲ” ಎಂದು ಅಪ್ಪ ನಗುತ್ತಿದ್ದ. ಬದುಕಿರುವ ತನಕ ಅದೇ ಮಾತು, ಅದೇ ನಗು.

ಪಂಥದಂತೆ ಟೇಪಕ್ಕ ಹಲಗೆಗೆ ಗೆರೆ ಹಾಕಿ ಅದೇ ಗರಗಸದಲ್ಲಿ ಕೊಯ್ದಳು. ಹೊಲಿಗೆಯವರ ಚಾಳಿ ಎಲ್ಲಿಗೆ ಹೋಗುತ್ತದೆ? ‘ಮಡಿಕೆಗಿರಲಿ’ ಎಂದು ನಾಲ್ಕೂ ಕಾಲಿಗೆ ಒಂದಿಂಚು ಹೆಚ್ಚು ಬಿಟ್ಟಿದ್ದಳು. ಮರಕ್ಕೆಲ್ಲಿಯ ಮಡಿಕೆ! ನಾಚಿಕೊಂಡು ಮತ್ತೆ ಕೊಯ್ದಳು. ಈಗ ನಾಲ್ಕೂ ಸಮ. ಮೊಳೆ ಹೊಡೆದು ನಿಲ್ಲಿಸಿದರೆ, ತಟಕ್. ಜಾಗ ಬದಲಿಸಿದರೂ ತಟಕ್.

ಬಟ್ಟೆಗೆ ಗೆರೆ ಹಾಕುವ ಎಲ್ ಆಕಾರದ ಮೂಲೆಮಟ್ಟ ತಂದು ಹಿಡಿದು ನೋಡಿದಳು. ಪ್ರತಿ ಕಾಲಿನ ತುದಿಯೂ ಒಂದು ಕೂದಲೆಳೆಯಷ್ಟು ಓರೆ. ಪ್ಲಗ್ಗು ಕಿತ್ತು ಗರಗಸವನ್ನು ಬೋರಲು ಹಾಕಿದಳು. ಹಲಗೆಯ ಮೇಲೆ ಜಾರುವ ಅಡಿಯ ತಗಡು ಒಂದು ಮೂಲೆಯಲ್ಲಿ ಬಗ್ಗಿತ್ತು. ಬಗ್ಗಿದಲ್ಲೆಲ್ಲ ಸುತ್ತಿಗೆಯಿಂದ ತಟ್ಟಿದ, ತುಕ್ಕು ಹಿಡಿದ ಹಳೆಯ ಗುರುತುಗಳು.

“ಅಮ್ಮಾ, ಇಲ್ಲಿ ಬಾ! ತಪ್ಪು ಅಪ್ಪನ ಕೈದಲ್ಲ, ಗರಗಸದ್ದು. ಅವನಿಗೂ ಗೊತ್ತಿತ್ತು, ತಟ್ಟಿ ತಟ್ಟಿ ನೋಡಿದ್ದಾನೆ.”

ಅಮ್ಮ ಆ ಗುರುತುಗಳ ಮೇಲೆ ಬೆರಳಾಡಿಸಿದಳು. ಹಾಗೇ ಆ ಸ್ಟೂಲಿನ ಮೇಲೆ ಕೂತಳು. ತಟಕ್.

“ಇದನ್ನ ತಂದ ಹೊಸದ್ರಲ್ಲಿ ಹಿತ್ತಲು ಗುಡಿಸೋವಾಗ ನಾನೇ ಬೀಳಿಸಿದ್ದೆ ಕಣೇ. ಯಾರೂ ನೋಡಿಲ್ಲ ಅಂತ ಎತ್ತಿಟ್ಟು ಸುಮ್ಮನಾದೆ. ಯಾರು ಬೀಳಿಸಿದ್ದು ಅಂತ ಅವರು ಒಂದು ದಿನಾನೂ ಕೇಳ್ಲಿಲ್ಲ. ನಾನು ನೋಡಿದ್ರೆ ಊರೋರ ಮುಂದೆಲ್ಲ ಆಡಿಕೊಂಡೆ.”

ಟೇಪಕ್ಕ ಅಮ್ಮನ ಪಕ್ಕ ನೆಲದ ಮೇಲೆ ಕೂತು ಅವಳ ಕೈ ಹಿಡಿದುಕೊಂಡಳು.

ಸಂಜೆ ಅಣ್ಣ ಬಡಗಿಯನ್ನು ಕರೆದುಕೊಂಡೇ ಬಂದ. ಬಂದವನೇ ಸ್ಟೂಲನ್ನು ಅಂಗೈಯಿಂದ ಒತ್ತಿದ. ತಟಕ್ ಅಂದಿತು.

“ಸೋತೆ, ತಂಗ್ಯಮ್ಮಾ! ಎಲ್ಲಿ ಗರಗಸ?”

ಟೇಪಕ್ಕ ಗರಗಸ ತರಲು ಎದ್ದಳು. ಅಷ್ಟರಲ್ಲಿ ಅಮ್ಮ ಒಳಗಿನಿಂದ ರಟ್ಟಿನ ಚೂರೊಂದನ್ನು ಮಡಚಿಕೊಂಡು ಬಂದು, ಮೊಣಕಾಲೂರಿ, ಸ್ಟೂಲಿನ ಕಾಲಿನಡಿ ಮೆಲ್ಲಗೆ ತುರುಕಿದಳು.

“ಗರಗಸ ಎಲ್ಲಿಗೂ ಹೋಗಲ್ಲ” ಎಂದಳು. “ಸ್ಟೂಲು ಸರಿಯಾಗೇ ಇದೆ ಕಣೋ. ನಮ್ಮನೆ ನೆಲಾನೇ ಸರಿಯಿಲ್ಲ.”