ಬೆಡ್‌ಶೀಟಿನ ಆಚೆ ತುದಿ

ನನ್ನ ಹೆಂಡತಿಗೆ ಖುಷಿ ಬಂತೆಂದರೆ ಮನೆಯಲ್ಲಿ ಒಂದು ಸಾಮಾನೂ ಇದ್ದಲ್ಲಿ ಇರುವುದಿಲ್ಲ. ಆ ಮಂಗಳವಾರ ಮಧ್ಯಾಹ್ನ ನಾನು ಸೈಕಲ್ ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದಾಗ ಕುರ್ಚಿಗಳೆಲ್ಲ ಗೋಡೆ ಸೇರಿದ್ದವು, ಮೇಜು ಬಾಗಿಲಿನಿಂದ ಆಚೆ ಹೋಗಿತ್ತು. ನಡುಮನೆಯಲ್ಲಿ ಅವಳು ನಮ್ಮ ಹಾಸಿಗೆಯ ಬೆಡ್‌ಶೀಟಿನ ಎರಡು ಮೂಲೆ ಹಿಡಿದು ನಿಂತಿದ್ದಳು. ಊಟದ ಸುಳಿವೇ ಇರಲಿಲ್ಲ. ಆ ಕಡೆಯ ಎರಡು ಮೂಲೆ ಹಿಡಿದುಕೊಳ್ಳಿ ಎಂದಳು. ಕೈಯಲ್ಲಿ ಗ್ರೀಸ್ ಇದೆ ಎಂದೆ. ಹಾಗಾದರೆ ತೊಳೆದುಕೊಂಡು ಬಂದು ಹಿಡಿಯಿರಿ ಎಂದಳು. ನಮ್ಮ ಮದುವೆಯಾಗಿ ಮೂವತ್ತೆಂಟು ವರ್ಷವಾಯಿತು. ಯಾವಾಗ ಪ್ರಶ್ನೆ ಕೇಳಬಾರದು ಎನ್ನುವಷ್ಟು ತಿಳಿವಳಿಕೆ ನನಗೂ ಬಂದಿದೆ. ಹೋಗಿ ಕೈ ತೊಳೆದೆ.

ಇದಕ್ಕೆಲ್ಲ ಕಾರಣ ನನ್ನ ಅಂಗಡಿಯ ಎದುರಿಗಿರುವ ಐಸ್ ಫ್ಯಾಕ್ಟರಿ. ಅಲ್ಲಿ ಐಸ್ ಮಾಡುವುದು ನಿಂತು ಹದಿನೈದು ವರ್ಷವಾಯಿತು, ಹೆಸರು ಮಾತ್ರ ಉಳಿದಿದೆ. ಈಗ ಅದು ಕಲಾವಿದರ ಬಿಡಾರ. ನಾಲ್ಕೈದು ಜನ ಎಲ್ಲೆಲ್ಲಿಂದಲೋ ಬಂದು ಮೂರು ತಿಂಗಳು ಅಲ್ಲೇ ಉಂಡು, ಮಲಗಿ, ಏನೇನೋ ಪ್ರಯೋಗ ಮಾಡಿ ಹೋಗುತ್ತಾರೆ. ಒಬ್ಬ ಹಳೆಯ ಬಾಗಿಲುಗಳನ್ನು ತಂದು ದೊಡ್ಡ ಕೋಣೆಯ ತುಂಬ ನಿಲ್ಲಿಸಿದ್ದ. ಯಾವುದನ್ನು ತೆರೆದು ದಾಟಿದರೂ ಇನ್ನೊಂದು ಬಾಗಿಲೇ ಸಿಗುತ್ತಿತ್ತು. ಇನ್ನೊಬ್ಬಳು ನನ್ನ ಗಾಳಿ ಪಂಪಿನ ಸದ್ದನ್ನು ಎರಡು ಗಂಟೆ ರೆಕಾರ್ಡ್ ಮಾಡಿಕೊಂಡು ಹೋಗಿ, ನಮ್ಮನ್ನೆಲ್ಲ ಚಾಪೆಯ ಮೇಲೆ ಮಲಗಿಸಿ ಕೇಳಿಸಿದಳು. ನನಗೆ ನಿದ್ದೆ ಬಂತು. ನನ್ನ ಹೆಂಡತಿ ಮೂರು ಸಲ ಕೇಳಿದಳು.

ತಿಂಗಳ ಮೊದಲ ಶನಿವಾರ ಅವರು ಗೇಟು ತೆರೆದು ಬೀದಿಯವರನ್ನು ಒಳಗೆ ಕರೆಯುತ್ತಾರೆ. ನಾನು ಮೂಗು ಮುರಿಯುತ್ತೇನೆ, ಅವಳು ಒಂದನ್ನೂ ತಪ್ಪಿಸುವುದಿಲ್ಲ. ಈ ಸಲ ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುವ ದೊಡ್ಡ ಕನ್ನಡಕದ ಹುಡುಗಿ ಮನೆಮನೆಗೆ ಬಂದು ಹೊಸ ಸುದ್ದಿ ಹೇಳಿದ್ದಳು. ಶನಿವಾರ ಕಲಾವಿದರು ಏನೂ ತೋರಿಸುವುದಿಲ್ಲವಂತೆ, ಅವರು ನೆಲದ ಮೇಲೆ ಕೂತು ನೋಡುತ್ತಾರಂತೆ. ಬೀದಿಯವರು ಒಬ್ಬೊಬ್ಬರಾಗಿ ಬಂದು ತಮ್ಮ ಕೈಗೆ ಗೊತ್ತಿರುವ ಒಂದು ಕೆಲಸವನ್ನು ಹತ್ತು ನಿಮಿಷ ಮಾಡಿ ತೋರಿಸಬೇಕಂತೆ. ನನ್ನ ಹೆಂಡತಿ ತಮಾಷೆಗೆ, ನನಗೆ ಬರುವುದು ಬೆಡ್‌ಶೀಟ್ ಮಡಚುವುದೊಂದೇ ಎಂದಳು. ಆ ಹುಡುಗಿ ಇವಳ ಎರಡೂ ಕೈ ಹಿಡಿದುಕೊಂಡು, ನನಗೆ ಬೇಕಾದದ್ದು ಅದೇ ಎಂದಳಂತೆ. ಅಲ್ಲಿಗೆ ಮುಗಿಯಿತು. ಇವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ ಬೆಡ್‌ಶೀಟ್ ಮಡಚಿದವಳು. ನೆಲಮಾಳಿಗೆಯಲ್ಲಿ ಉದ್ದನೆಯ ಕೋಣೆ, ಒಗೆಯುವ ಯಂತ್ರಗಳ ಗದ್ದಲ, ಮುಖಕ್ಕೆ ಹೊಡೆಯುವ ಹಬೆ. ಮಡಚುವುದು ಇಬ್ಬರ ಕೆಲಸ. ಇಬ್ಬರೂ ಎರಡೆರಡು ಮೂಲೆ ಹಿಡಿದು ಜಗ್ಗಬೇಕು, ಉದ್ದಕ್ಕೆ ಎರಡು ಮಡಿಕೆ ಹಾಕಬೇಕು, ಆಮೇಲೆ ಎದುರುಬದುರು ನಡೆದು ಬಂದು ಒಬ್ಬಳು ತನ್ನ ತುದಿಯನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಜೋತುಬಿದ್ದ ಮಡಿಕೆಯನ್ನು ಕೆಳಗಿನಿಂದ ಎತ್ತಿಕೊಂಡು ಹಿಂದೆ ಸರಿಯಬೇಕು. ಇಷ್ಟೆಲ್ಲ ಆಗುವಾಗಲೇ ಕಲೆ, ಹರಕು ಇದ್ದರೆ ಕಂಡುಹಿಡಿದು ಪಕ್ಕಕ್ಕೆ ಎಸೆಯಬೇಕು. ಕಲೆಯಿರುವ ಶೀಟೊಂದು ವಾರ್ಡಿಗೆ ಹೋಯಿತೆಂದರೆ ನರ್ಸಮ್ಮನವರ ಬೈಗುಳ ನೆಲಮಾಳಿಗೆಯವರೆಗೂ ಕೇಳುತ್ತಿತ್ತು.

ಅಲ್ಲಿ ಎದುರಿಗೆ ನಿಂತು ಮಡಚುವವಳನ್ನು ಜೋಡಿ ಎಂದೇ ಕರೆಯುತ್ತಿದ್ದರು. ನನ್ನ ಹೆಂಡತಿಗೆ ಕೊನೆಯ ಎರಡು ವರ್ಷ ಬಿಟ್ಟರೆ ಉದ್ದಕ್ಕೂ ಒಬ್ಬಳೇ ಜೋಡಿ. ಮನೆಗೆ ಬಂದರೆ ಜೋಡಿ ಹಾಗೆಂದಳು, ಜೋಡಿ ಹೀಗೆ ನಕ್ಕಳು, ಜೋಡಿಗೆ ಹಲ್ಲುನೋವು. ಆ ಹೆಂಗಸಿಗೆ ಮದುವೆಯಾಗಿರಲಿಲ್ಲ, ತಂಗಿಯ ಮನೆಯಲ್ಲಿದ್ದಳು. ಅವಳ ಹಲ್ಲುನೋವಿನ ವಿಚಾರ ನನ್ನ ಹಲ್ಲಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

ಆ ಜೋಡಿ ನನ್ನ ಹೆಂಡತಿಯ ಜೊತೆ ಮಾತು ಬಿಟ್ಟು ಆರು ವರ್ಷವಾಗಿತ್ತು. ತಪ್ಪು ನಮ್ಮದೇ. ನಮ್ಮದು ಎಂದೆ, ಅದರಲ್ಲಿ ನನ್ನ ಪಾಲೂ ಇದೆ. ಜೋಡಿಯ ಕಣ್ಣು ಮಂಜಾಗುತ್ತಾ ಬಂದಿತ್ತು. ಚಹಾ ಲೋಟದಿಂದ ಆಚೆ ಬೀಳುತ್ತಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಪಾಪ, ದಿನವಿಡೀ ನಿಂತು ಕಷ್ಟಪಡುತ್ತಾಳೆ, ಲಾಂಡ್ರಿಯ ಸಾಹೇಬರಿಗೆ ಹೇಳಿದರೆ ಹಗುರದ ಕೆಲಸ ಕೊಡುತ್ತಾರೇನೋ ಎಂದು ಇವಳು ಒಂದು ಸಂಜೆ ನನ್ನನ್ನು ಕೇಳಿದಳು. ನಾನು ಟ್ಯೂಬಿಗೆ ತೇಪೆ ಹಚ್ಚುತ್ತಾ, ತಲೆ ಕೂಡ ಎತ್ತದೆ, ಹೇಳಿಬಿಡು ಎಂದೆ. ಇವಳು ಹೇಳಿದಳು. ಸಾಹೇಬರು ಹಗುರದ ಕೆಲಸವನ್ನೇ ಕೊಟ್ಟರು: ಸ್ಟೋರ್ ರೂಮಿನ ಬಾಗಿಲ ಪಕ್ಕ ಒಂದು ಸ್ಟೂಲು, ಯಾರಾದರೂ ಬಂದರೆ ಬಾಗಿಲು ತೆಗೆಯುವುದು, ಹೋದರೆ ಮುಚ್ಚುವುದು. ನಿವೃತ್ತಿಯವರೆಗೆ ಎರಡು ವರ್ಷ ಅವಳು ಆ ಸ್ಟೂಲಿನ ಮೇಲೆ ಕೂತಳು. ಸಾಹೇಬರಿಗೆ ಯಾರು ಹೇಳಿದ್ದು ಎಂದು ಅವಳು ಒಂದೇ ಒಂದು ಸಲ ಕೇಳಿದಾಗ ನನ್ನ ಹೆಂಡತಿ ಸುಮ್ಮನಿದ್ದಳು. ಅವತ್ತಿನಿಂದ ಮಾತಿಲ್ಲ.

ಹೀಗಾಗಿ ಮಂಗಳವಾರ ನಾನು ಜೋಡಿಯಾದೆ. ನನ್ನ ಕೈಯಲ್ಲಿ ಎಂಥ ಬಗ್ಗಿದ ಚಕ್ರವೂ ನೆಟ್ಟಗಾಗುತ್ತದೆ, ಆದರೆ ಒಂದು ಬೆಡ್‌ಶೀಟ್ ನನ್ನ ಮಾನ ಕಳೆಯಿತು. ಅವಳು ಎಡಕ್ಕೆ ತಿರುಗಿಸಿದರೆ ನಾನೂ ಎಡಕ್ಕೆ ತಿರುಗಿಸಿ ಶೀಟನ್ನು ಹಗ್ಗ ಮಾಡುತ್ತಿದ್ದೆ. ನಡೆದು ಬರುವಾಗ ಅದರ ಮೇಲೇ ಕಾಲಿಟ್ಟೆ. ಬುಧವಾರ ಸಂಜೆಯ ಹೊತ್ತಿಗೆ ಅವಳು ನನ್ನನ್ನು ಕೆಲಸದಿಂದ ತೆಗೆದುಹಾಕಿದಳು. ಆಮೇಲೆ ಕುರ್ಚಿಯ ಮೇಲೆ ಕೂತು, ಅವಳೇ ಬರಬೇಕು ಎಂದಳು. ಯಾರು ಎಂದು ನಾನು ಕೇಳಲಿಲ್ಲ. ಹತ್ತು ನಿಮಿಷದ ಆಟಕ್ಕೆ ಜೋಡಿ ಬೇಕೆಂದಲ್ಲ, ಆರು ವರ್ಷದಿಂದ ಇವಳಿಗೆ ಒಂದು ನೆಪ ಬೇಕಿತ್ತು. ಅದು ಸಿಕ್ಕಿದೆ, ಈ ಸಲ ಆಗದಿದ್ದರೆ ಇನ್ನು ಸಾಯುವತನಕ ಇಲ್ಲ ಎಂದು ಅವಳ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಗುರುವಾರ ಅವರ ಮನೆಗೆ ಹೋದೆವು. ಎರಡು ಬೀದಿ ದಾಟಿದರೆ ಸಿಗುವ ಮನೆ. ಆ ದಾರಿಯಲ್ಲಿ ಇವಳು ಎರಡು ಸಲ ಹಿಂದಕ್ಕೆ ತಿರುಗಿದಳು, ಎರಡು ಸಲವೂ ನಾನು ಅಡ್ಡ ನಿಂತೆ. ಬಾಗಿಲು ತೆರೆದದ್ದು ತಂಗಿ. ಒಳಗೆ ಕಿಟಕಿಯ ಪಕ್ಕ ಜೋಡಿ ಕೂತಿದ್ದಳು. ಇವಳ ದನಿ ಕೇಳುತ್ತಲೇ ಕೈ ಚಾಚಿ ರೇಡಿಯೋ ಜೋರು ಮಾಡಿದಳು. ತಂಗಿಗೆ ನಾಚಿಕೆಯಾಗಿ, ಅಕ್ಕ ಯಾರ ಮಾತೂ ಕೇಳುವುದಿಲ್ಲ ಎಂದಳು. ನನ್ನ ಹೆಂಡತಿಯೂ ಯಂತ್ರಗಳ ನಡುವೆ ಇಪ್ಪತ್ತಾರು ವರ್ಷ ಕೂಗಾಡಿದವಳು, ರೇಡಿಯೋಗೆ ಸೋಲುತ್ತಾಳೆಯೇ?

"ಶನಿವಾರ ನಾಲ್ಕು ಗಂಟೆಗೆ, ಐಸ್ ಫ್ಯಾಕ್ಟರಿ," ಎಂದು ಹೊಸ್ತಿಲ ಮೇಲೆ ನಿಂತು ಬೀದಿಗೆಲ್ಲ ಕೇಳುವಂತೆ ಹೇಳಿದಳು. "ಬೆಡ್‌ಶೀಟ್ ಮಡಚ್ತಿದೀನಿ. ಒಂದು ಕಡೆ ನಾನಿರ್ತೀನಿ. ಇನ್ನೊಂದು ಕಡೆ ಯಾರಿಗೂ ಹೇಳಿಲ್ಲ."

ರೇಡಿಯೋ ಹಾಡುತ್ತಲೇ ಇತ್ತು. ನಾವು ವಾಪಸು ಬಂದೆವು. ನಾನು ಅದು ಮುಗಿದ ಕತೆ ಎಂದುಕೊಂಡೆ. ಇವಳು ಮಾತ್ರ ಸೀದಾ ಕನ್ನಡಕದ ಹುಡುಗಿಯ ಹತ್ತಿರ ಹೋಗಿ, ಕಲಾವಿದರ ಕೋಣೆಗಳಲ್ಲಿರುವ ಶೀಟುಗಳನ್ನೆಲ್ಲ ಒಗೆಸಿಡು, ಕನಿಷ್ಠ ಹನ್ನೆರಡು ಬೇಕು, ಎಲ್ಲ ಬಿಳಿಯವೇ ಆಗಬೇಕು ಎಂದು ಅಪ್ಪಣೆ ಕೊಟ್ಟಳು.

ಶನಿವಾರ ಐಸ್ ಫ್ಯಾಕ್ಟರಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ದಿನ ಗೇಟಿನ ಹೊರಗಿನಿಂದಲೇ ಇಣುಕಿ ಹೋಗುತ್ತಿದ್ದವರೆಲ್ಲ ಒಳಗಿದ್ದರು, ಏಕೆಂದರೆ ಅವರವರ ಮನೆಯವರೇ ಅವತ್ತಿನ ಕಲಾವಿದರು. ಕ್ಷೌರದಂಗಡಿಯವರು ಊದಿದ ಬಲೂನಿಗೆ ಸೋಪು ಹಚ್ಚಿ, ಒಡೆಯದ ಹಾಗೆ ಬೋಳಿಸಿ ತೋರಿಸಿದರು. ಕೊನೆಯ ಎಳೆತದವರೆಗೂ ಇನ್ನೂರು ಜನ ಉಸಿರು ಬಿಗಿಹಿಡಿದಿದ್ದರು. ಬೀಗದ ಕೈ ಮಾಡುವವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಬೀಗವೊಂದನ್ನು ಬಿಚ್ಚಿ ಮತ್ತೆ ಜೋಡಿಸಿದರು. ನಿಜ ಹೇಳುತ್ತೇನೆ, ನಾನು ಸಿಳ್ಳೆ ಹಾಕಿದೆ. ಮೂಗು ಮುರಿಯುತ್ತಿದ್ದವನು ನಾನೇ, ಅದನ್ನು ನನಗೆ ನೆನಪಿಸುವುದಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ನನ್ನ ಹೆಂಡತಿಯ ಸರದಿ ಬಂತು. ಸೀರೆ ಎತ್ತಿ ಕಟ್ಟಿ, ಹನ್ನೆರಡು ಶೀಟುಗಳ ರಾಶಿಯ ಪಕ್ಕ ನಿಂತಳು. ಮೊದಲನೆಯದನ್ನು ಎತ್ತಿ ಒದರಿ ಎರಡು ಮೂಲೆ ಹಿಡಿದಳು. ಉಳಿದ ಎರಡು ನೆಲದ ಮೇಲಿದ್ದವು. ಅವಳ ಕಣ್ಣು ಗೇಟಿನ ಮೇಲಿತ್ತು. ಒಂದು ನಿಮಿಷವಾಯಿತು, ಎರಡಾಯಿತು. ಇದೂ ಒಂದು ಪ್ರಯೋಗವಿರಬೇಕೆಂದು ಜನ ಕಾದರು. ನಾನು ಏಳಲು ಹೊರಟೆ. ಬೇಡ ಎಂದು ಅವಳು ದೂರದಿಂದಲೇ ಕಣ್ಣು ಬಿಟ್ಟಳು. ಅಷ್ಟರಲ್ಲಿ ಒಬ್ಬ ಉದ್ದನೆಯ ಕಲಾವಿದ ತಾನೇ ಎದ್ದು ಬಂದು ಆ ಕಡೆ ಹಿಡಿದ. ಅವನ ಎತ್ತರಕ್ಕೆ ಶೀಟು ಜಾರುಬಂಡೆಯಾಯಿತು. ಜನ ಬಿದ್ದು ಬಿದ್ದು ನಕ್ಕರು, ಅವನೂ ನಕ್ಕ. ಇವಳು ನಕ್ಕಳು, ಆದರೆ ಆ ನಗು ನನಗೆ ಗೊತ್ತಿರುವ ನಗುವಲ್ಲ.

ಆಗ ಗೇಟಿನ ಹತ್ತಿರ ಜನ ಪಕ್ಕಕ್ಕೆ ಸರಿದರು. ತಂಗಿಯ ಭುಜದ ಮೇಲೆ ಕೈಯಿಟ್ಟುಕೊಂಡು ಜೋಡಿ ಬರುತ್ತಿದ್ದಳು. ಯಾರ ಕಡೆಗೂ ಮುಖ ತಿರುಗಿಸಲಿಲ್ಲ. ನಡುವಿಗೆ ಬಂದು ನಿಂತು ಕೈ ಚಾಚಿದಳು. ಉದ್ದನೆಯವನು ಆ ಎರಡು ಮೂಲೆಗಳನ್ನು ಅವಳ ಬೆರಳಿಗೆ ಕೊಟ್ಟು ಹಿಂದೆ ಸರಿದ. ಶೀಟು ಒಮ್ಮೆಲೇ ಬಿಗಿಯಾಯಿತು. ಎರಡು ಮಡಿಕೆ ಬಿತ್ತು. ಇಬ್ಬರೂ ನಡೆದು ಬಂದರು, ಕೈ ಸೇರಿತು, ದೂರವಾದರು, ಮತ್ತೆ ಸೇರಿದರು. ಶೀಟು ಚೌಕವಾಗಿ ಪಕ್ಕದ ಬೆಂಚಿನ ಮೇಲೆ ಕೂತಿತು. ಇನ್ನೂ ನಾನು ಕಣ್ಣು ಮಿಟುಕಿಸಿರಲಿಲ್ಲ.

ಎರಡನೆಯದು, ಮೂರನೆಯದು. ಅಂಗಳದಲ್ಲಿ ಸದ್ದಿಲ್ಲ, ಬಟ್ಟೆ ಒದರುವ ಪಟ್ ಪಟ್ ಎನ್ನುವುದೊಂದೇ. ನಾಲ್ಕನೆಯದಕ್ಕೆ ಯಾರೋ ಚಪ್ಪಾಳೆಯ ತಾಳ ಹಾಕಿದರು, ಐದನೆಯದಕ್ಕೆ ಎಲ್ಲರೂ ಹಾಕಿದರು. ಇಬ್ಬರ ವೇಗ ಏರುತ್ತಾ ಹೋಯಿತು. ಅರವತ್ತು ದಾಟಿದ ಇಬ್ಬರು ಹೆಂಗಸರು ಬಿಳಿ ಬಟ್ಟೆಯ ಎರಡು ತುದಿ ಹಿಡಿದು ಹೀಗೆ ಓಡಾಡುವುದನ್ನು ನಾನು ಎಂದೂ ನೋಡಿರಲಿಲ್ಲ. ಇಪ್ಪತ್ತಾರು ವರ್ಷ ಇವಳು ದಿನಾ ಹೋಗಿ ಮಾಡುತ್ತಿದ್ದದ್ದು ಇದನ್ನೇ, ಒಂದು ದಿನವೂ ನಾನು ಆ ನೆಲಮಾಳಿಗೆಗೆ ಇಳಿದು ನೋಡಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಎಂಟನೆಯ ಶೀಟು. ಒಂದು ಮಡಿಕೆ ಹಾಕಿದ್ದರು, ಜೋಡಿ ನಿಂತುಬಿಟ್ಟಳು. ಇವಳು ಜಗ್ಗಿದಳು, ಅವಳು ಬಿಡಲಿಲ್ಲ. ಚಪ್ಪಾಳೆ ನಿಂತಿತು.

"ಕಲೆ," ಎಂದಳು ಜೋಡಿ. ಆರು ವರ್ಷದಲ್ಲಿ ಅವಳು ಇವಳಿಗೆ ಆಡಿದ ಮೊದಲ ಮಾತು ಅದು.

ನನ್ನ ಹೆಂಡತಿ ಬಟ್ಟೆಯನ್ನು ಹತ್ತಿರ ಹಿಡಿದು ನೋಡಿದಳು. ಏನೂ ಕಾಣಲಿಲ್ಲ. ಕನ್ನಡಕದ ಹುಡುಗಿ ಬಂದು ಬಿಸಿಲಿಗೆ ಹಿಡಿದು ನೋಡಿದಳು, ಅವಳಿಗೂ ಕಾಣಲಿಲ್ಲ. ನಾನೂ ಎದ್ದು ಹೋಗಿ ನೋಡಿದೆ. ಅಚ್ಚ ಬಿಳಿ ಬಟ್ಟೆ. ಜೋಡಿ ಇವಳ ಬೆರಳನ್ನು ಹಿಡಿದು ಒಂದು ಜಾಗಕ್ಕೆ ಒತ್ತಿದಳು. ಅಲ್ಲಿ ಬಟ್ಟೆ ಬಿರುಸಾಗಿತ್ತು, ಅಂಗೈಯಗಲ. ಉದ್ದನೆಯ ಕಲಾವಿದ ತಲೆ ಕೆರೆದುಕೊಳ್ಳುತ್ತಾ, ಅದು ತನ್ನ ಶೀಟು ಎಂದು ಒಪ್ಪಿಕೊಂಡ. ಅವನು ಎರಡು ತಿಂಗಳಿಂದ ಬಿಳಿ ಕ್ಯಾನ್ವಾಸಿನ ಮೇಲೆ ಬಿಳಿ ಬಣ್ಣದಲ್ಲೇ ಚಿತ್ರ ಬರೆಯುತ್ತಿದ್ದನಂತೆ. ಚೆಲ್ಲಿದ ಬಣ್ಣ ಒಗೆದರೂ ಹೋಗಿರಲಿಲ್ಲ. ಅಂಗಳವೆಲ್ಲ ಹೋ ಎಂದು ಕೂಗಿ ಜೋಡಿಗೆ ಚಪ್ಪಾಳೆ ಹೊಡೆಯಿತು.

ನನ್ನ ಹೆಂಡತಿ ಮಾತ್ರ ಆ ಬಿರುಸು ಜಾಗದ ಮೇಲಿಟ್ಟ ಬೆರಳನ್ನು ತೆಗೆಯಲಿಲ್ಲ. ಚಪ್ಪಾಳೆ ತಗ್ಗುವವರೆಗೂ ಕಾದಳು.

"ನೀನು ಕಲೆ ನೋಡ್ತಿದ್ದದ್ದು ಕೈಯಿಂದಾನಾ?" ಎಂದು ಕೇಳಿದಳು.

"ಮೊದಲಿಂದ್ಲೂ," ಎಂದಳು ಜೋಡಿ. "ಆ ಹಬೆಯಲ್ಲಿ ಯಾರಿಗೆ ಕಣ್ಣು ಕಾಣ್ತಿತ್ತು?"

ಇವಳು ಅಷ್ಟು ಜನರ ಮುಂದೆ, ದನಿ ತಗ್ಗಿಸದೆ ಹೇಳಿದಳು.

"ಸಾಹೇಬ್ರಿಗೆ ಹೇಳಿದ್ದು ನಾನೇ. ನಿನಗೆ ಕಣ್ಣು ಕಾಣಲ್ಲ, ಈ ಕೆಲಸ ಆಗಲ್ಲ ಅಂತ. ನೀನು ಕೇಳ್ದಾಗ ಬಾಯಿ ಬಿಡ್ಲಿಲ್ಲ. ಎರಡೂ ತಪ್ಪು ನಂದೇ."

ಜೋಡಿ ತನ್ನ ಕೈಯಲ್ಲಿದ್ದ ಎರಡು ಮೂಲೆಗಳನ್ನು ಒಂದಕ್ಕೊಂದು ಸರಿಯಾಗಿ ಕೂಡಿಸಿದಳು. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೆ ಕೈ ಖಾಲಿ ಇರಲಿಲ್ಲ.

"ಗೊತ್ತಿತ್ತು ಕಣೇ," ಎಂದಳು. "ಹೇಳಿದ್ದಕ್ಕಲ್ಲ ನಂಗೆ ಸಿಟ್ಟು. ನನ್ನೇ ಒಂದು ಮಾತು ಕೇಳಿದ್ರೆ ಅವತ್ತೇ ತೋರಿಸ್ತಿದ್ದೆ."

ಕಲೆಯ ಶೀಟನ್ನು ಇಬ್ಬರೂ ಸೇರಿ ಪಕ್ಕಕ್ಕೆ ಎಸೆದರು. ಜೋಡಿ ರಾಶಿಯ ಕಡೆ ಕೈ ಚಾಚಿ, ತಡವಿ, ಮುಂದಿನದನ್ನು ಎತ್ತಿದಳು. ಎರಡು ಮೂಲೆ ತಾನಿಟ್ಟುಕೊಂಡು, ಉಳಿದೆರಡನ್ನು ನನ್ನ ಹೆಂಡತಿ ನಿಂತಿದ್ದ ಕಡೆಗೆ ಚಾಚಿದಳು.

"ಇನ್ನೂ ನಾಲ್ಕಿದೆ, ಹಿಡಿ," ಎಂದಳು.