ಮಾವನ ಕೈಗೆ ಕೊಟ್ಟ ಪೆನ್ನು

ಮಾಲತಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತದೆ. ಆ ಮಂಗಳವಾರ ಸ್ವೀಡನ್ನಿನ ಲಿಂಕೋಪಿಂಗ್‌ನ ಆಫೀಸಿನಲ್ಲಿ ಎಲ್ಲರೂ ಫೀಕಾ ಅನ್ನುವ ಬಿಡುವಿನಲ್ಲಿ ಕಾಫಿ ಹಿಡಿದು ಹರಟುತ್ತಿದ್ದರೆ, ಇವಳ ಕಿವಿ ಕೆಂಡವಾಗಿತ್ತು. ಆಗದೆ ಇನ್ನೇನು!

ದಾವಣಗೆರೆಯ ಈ ಸಿವಿಲ್ ಎಂಜಿನಿಯರ್ ಏಳು ವರ್ಷ ಡೆನ್ಮಾರ್ಕಿನಲ್ಲಿ ಸೋದರಮಾವ ಶೇಷಾದ್ರಿಯ ಕಟ್ಟಡ ಕಂಪನಿಯಲ್ಲಿ ದುಡಿದವಳು. ಲೈಸೆನ್ಸೂ ಅಲ್ಲಿಯದೇ. ಒಂದು ದೇಶದ ಲೈಸೆನ್ಸನ್ನು ಇನ್ನೊಂದು ದೇಶ ಮಾನ್ಯ ಮಾಡುವ ಪದ್ಧತಿ ಇದೆಯಲ್ಲ, ಅದರಲ್ಲಿ ಸ್ವೀಡನ್ನಿಗೆ ಅರ್ಜಿ ಹಾಕಿದ್ದಳು. ಇಲ್ಲಿಯವರು ಕೇಳಿದ್ದು ಒಂದೇ: ಹೊಣೆ ಹೊತ್ತು ನೀವೇ ಕೆಲಸ ನಡೆಸಿದ್ದಕ್ಕೆ ದಾಖಲೆ ಕೊಡಿ. ಶುಕ್ರವಾರದೊಳಗೆ ಕೊಡದಿದ್ದರೆ ಸೈಟ್ ಮೇಲ್ವಿಚಾರಕಿಯ ಹುದ್ದೆ ಬೇರೆಯವರ ಪಾಲು.

ಎಲ್ಲಿಂದ ತರುವುದು? ಚಳಿಯಲ್ಲಿ ಪಾಯಕ್ಕಿಳಿದು ಕಾಂಕ್ರೀಟಿನ ಕಬ್ಬಿಣದ ಕಂಬಿ ಎಣಿಸಿದವಳು ಇವಳು, ತಪಾಸಣೆಯ ಹಾಳೆ ಬರೆದವಳು ಇವಳು, ಸಹಿ ಮಾತ್ರ ಮಾವನದು! ಹಿರಿಯರು ಇರುವಾಗ ನಾನು ಹೇಗೆ ಹಾಕಲಿ ಅಂತ ಪ್ರತಿ ಸಲ ಪೆನ್ನನ್ನು ಅವರ ಕೈಗೇ ಕೊಡುತ್ತಿದ್ದಳು. ಅವರು "ನೀನೇ ಬರೆದಿದ್ದೀಯಲ್ಲ, ಸಾಕು" ಅಂತ ಓದದೆ ಗೀಚುತ್ತಿದ್ದರು. ಮರ್ಯಾದೆ ಅನ್ನಿ, ಪೆದ್ದುತನ ಅನ್ನಿ, ನಮ್ಮ ಜನಕ್ಕೆ ಎರಡೂ ಒಟ್ಟಿಗೇ ಬರುತ್ತವೆ.

ಈಗ ದಾಖಲೆ ಕೇಳಿದ್ದಕ್ಕೆ ಮಾವನ ಪತ್ರ ಬಂದಿತ್ತು. "ಮಾಲತಿ ಒಳ್ಳೆಯ ಹುಡುಗಿ. ನನ್ನ ಕೆಲಸದಲ್ಲಿ ಸಹಾಯ ಮಾಡುತ್ತಿದ್ದಳು."

ಸಹಾಯವಂತೆ, ಸಹಾಯ! ಕಾಫಿ ಅಲ್ಲೇ ಕುಕ್ಕಿ ಹೊರಗೆ ಹೋಗಿ ಫೋನ್ ಮಾಡಿದಳು.

"ಮಾವ, ಬಂದರಿನ ಹತ್ತಿರದ ಬಿಲ್ಡಿಂಗಲ್ಲಿ ಬೇಸ್‌ಮೆಂಟ್ ಗೋಡೆ ಒಡೆಸಿದ್ದು ಯಾಕೆ, ಹೇಳಿ?"

"ಅದೇನೋ... ನೀರು ಬಂದಿತ್ತಲ್ವೇನಮ್ಮ?"

"ನೀರಲ್ಲ! ಕಂಬಿ ಕಮ್ಮಿ ಹಾಕಿದ್ರು. ನಿಂತು ಒಡೆಸಿದ್ದು ನಾನು. ಸೈಟ್ ಮುಖಾನೇ ನೋಡದೆ ಸಹಿ ಹಾಕಿದ್ದು ನೀವು!"

"ಮನೆಯವರ ಮಧ್ಯೆ ಇದೆಲ್ಲ ಯಾಕೆ? ಈ ವಯಸ್ಸಲ್ಲಿ ನನ್ನ ಹೆಸರು ಕೆಡಿಸ್ತೀಯಾ?"

"ಕೆಡೋಕೆ ನನಗೆ ಹೆಸರೇ ಇಲ್ವಲ್ಲ ಮಾವ. ನಡೆದದ್ದನ್ನ ಎರಡೂ ದೇಶದ ಲೈಸೆನ್ಸ್ ಆಫೀಸಿಗೆ ನಾನೇ ಬರೀತೀನಿ."

"ಅಯ್ಯೋ, ನನ್ನ ಲೈಸೆನ್ಸ್ ಹೋಗುತ್ತೆ. ಪೆನ್ನು ಕೊಟ್ಟು ಸಹಿ ಹಾಕಿಸಿದವಳು ನೀನು, ನಿಂದೂ ಹೋಗುತ್ತೆ ಕಣೇ!"

"ಹೋಗ್ಲಿ ಬಿಡಿ. ಇಟ್ಕೊಂಡು ಏನು ಉದ್ಧಾರ ಆದೆ?"

ಹೆದರಿಸಲು ಆಡಿದ ಮಾತಲ್ಲ ಅಂತ ಮಾವನಿಗೆ ತಿಳಿಯಿತು. ಆಮೇಲೆ ಮೆತ್ತಗೆ ಅಂದರು: "ಏನು ಬೇಕೋ ನೀನೇ ಬರೆದು ಕಳ್ಸಮ್ಮ. ಸಹಿ ಹಾಕ್ತೀನಿ."

ಮತ್ತೆ ಅದೇ, ಓದದೆ ಗೀಚುವ ಸಹಿ! ಮಾಲತಿಯ ಮೈಯೆಲ್ಲ ಉರಿದುಹೋಯಿತು.

"ಇಲ್ಲ ಮಾವ. ಇದನ್ನ ನೀವೇ ಬರೀರಿ. 'ನಾನು ಸೈಟಿಗೆ ಹೋಗಿರಲಿಲ್ಲ' ಅಂತ ಶುರು ಮಾಡಿ."